ದಫ್ತರ ಶಾಖೆಗೊಂದು ಕಟ್ಟಡ ಹುಡುಕಿದ ಎರಡು ದಿನ

೧೯೬೧ರ ಜನವರಿ ೧೬, ಸೋಮವಾರ ಸಂಜೆ ನಾನು ಬೆಂಗಳೂರಿನಲ್ಲಿ ಪುಣೆ ಮೇಲ್ ಹತ್ತಿದೆ. ದಿನಚರಿಯಲ್ಲಿ ಹೀಗಿದೆ, ಭತ್ಯೆಗೆಂದು ಕಚೇರಿಗೆ ಸಲ್ಲಿಸಿದ ಪ್ರವಾಸ ತಖ್ತೆಯ ಪ್ರತಿಯಲ್ಲಿ ಮಾತ್ರ ಹದಿನೇಳನೆಯ ತಾರೀಖು ಕಾಣುತ್ತದೆ. ಆ ವರ್ಷದ ಸಂಕ್ರಾಂತಿ ಶನಿವಾರ ಬಂದಿತ್ತೆಂಬುದನ್ನು ಪಂಚಾಂಗದಲ್ಲಿ ನೋಡಿಕೊಂಡಿದ್ದೇನೆ. ಹಬ್ಬ ಕಳೆದು ಎರಡನೆಯ ದಿನ ಹೊರಟದ್ದು ನನಗೆ ನೆನಪಿದೆಯಾದ್ದರಿಂದ ದಿನಚರಿಯೇ ಸರಿ. ತಖ್ತೆಯಲ್ಲಿ ಭತ್ಯೆಯನ್ನು ತಲುಪಿದ ದಿನದಿಂದ ಎಣಿಸಿದೆ. ಮೂರನೆಯ ದರ್ಜೆಯ ಟಿಕೇಟಿನ ದರದ ವಿಷಯದಲ್ಲಿ ಎರಡೂ ದಾಖಲೆಗಳು ಒಂದನ್ನೊಂದು ಒಪ್ಪುವುದಿಲ್ಲ. ಆದ್ದರಿಂದ ಅದನ್ನು ಬರೆಯುವುದಿಲ್ಲ.

ಹೊರಟ ಕಾರಣವನ್ನು ಮೊದಲು ಹೇಳಬೇಕು. ೧೯೫೬ರ ನವೆಂಬರಿನಲ್ಲಿ ರಾಜ್ಯಗಳು ಪುನರ್ರಚನೆಯಾದ ಮೇಲೆ ನಮ್ಮ ಧಾರವಾಡ ಭಾಗದ ಹಳೆಯ ಕಾಗದಪತ್ರಗಳು ಮುಂಬಯಿ ಸರಕಾರದ ದಫ್ತರಗಳಿಂದ ಬೆಂಗಳೂರಿನ ನಮ್ಮ ದಫ್ತರಕ್ಕೆ, ಅಂದರೆ ಸರಕಾರದ ಹಳೆಯ ದಾಖಲೆಗಳ ಕಚೇರಿಗೆ, ಬರತೊಡಗಿದ್ದವು. ಗೋಣಿಚೀಲಗಳಲ್ಲಿ ಬಂದವು ಗೋಣಿಚೀಲಗಳಲ್ಲಿಯೇ ಉಳಿದವು. ಅವುಗಳಲ್ಲಿ ಬಹುಪಾಲು ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯವು. ಅದನ್ನು ಓದಬಲ್ಲವರು ಆ ಕಚೇರಿಯಲ್ಲಿ ನಾನಲ್ಲದೆ ಮತ್ತೊಬ್ಬರಿರಲಿಲ್ಲ. ಹೊಲದ ತಂಟೆಯೊಂದಕ್ಕೆ ನಕಲು ಬೇಕಾದ ರೈತನು ಧಾರವಾಡದಿಂದ ಬೆಂಗಳೂರಿಗೆ ಬಂದು ಬರಿಗೈಯಲ್ಲಿ ಮರಳುವುದನ್ನು ನಾನು ಹಲವು ಸಲ ಕಂಡಿದ್ದೆ. ದಫ್ತರಕ್ಕೆ ಉತ್ತರದಲ್ಲೊಂದು ಶಾಖೆ ಬೇಕೆಂಬ ವಾದ ಹೀಗೆ ಹುಟ್ಟಿತು. ಹಳೆಯ ಕಾಗದಕ್ಕೆ ಹೊಸ ಮನೆಯೇಕೆ, ಅದೇ ಹಣದಲ್ಲಿ ಒಂದು ಕೆರೆಯಾದರೂ ತುಂಬೀತು ಎಂಬ ಎದುರುವಾದವೂ ಹುಟ್ಟಿತು. ಕೊನೆಗೆ ಹಣಕಾಸಿನ ಹಿರಿಯ ಅಧಿಕಾರಿಯೊಬ್ಬರು ಎರಡು ಷರತ್ತು ಹಾಕಿದರು: ಕಟ್ಟಡ ಊರವರು ಕೊಡಬೇಕು ಮತ್ತು ಅದು ತೆರವಾಗಿರಬೇಕು; ಹುಬ್ಬಳ್ಳಿ, ಧಾರವಾಡ ಎರಡೂ ಊರುಗಳ ಮುಖಂಡರು ಒಂದೇ ಕಟ್ಟಡಕ್ಕೆ ಸಹಿ ಮಾಡಬೇಕು. ಇಷ್ಟಾದರೆ ಮುಂದಿನ ಅಂದಾಜುಪತ್ರಿಕೆಯ ಹೊಸ ವೆಚ್ಚಗಳ ಪಟ್ಟಿಯಲ್ಲಿ ಶಾಖೆಯ ಬಾಬು ಸೇರುವುದು. ಪಟ್ಟಿ ಅಚ್ಚಿಗೆ ಹೋಗಲು ಒಂದೇ ವಾರವಿತ್ತು.

ಶಾಖೆಯ ಹೊಣೆ ನನಗೇ ಬರುವುದೆಂದು ಮೇಲಿನವರು ಬಾಯಿಮಾತಿನಲ್ಲಿ ಹೇಳಿದ್ದರು. ನನ್ನ ಹೆಂಡತಿ ಸುಮಿತ್ರಾ ಧಾರವಾಡದ ಖಾಸಗಿ ಕನ್ಯಾಶಾಲೆಯೊಂದರಲ್ಲಿ ಶಿಕ್ಷಕಿ. ಆ ಕೆಲಸಕ್ಕೆ ವರ್ಗಾವಣೆ ಇಲ್ಲ, ಬಿಡುವ ಮನಸ್ಸು ಅವಳಿಗಿರಲಿಲ್ಲ, ಬಿಡೆಂದು ನಾನೂ ಹೇಳಿರಲಿಲ್ಲ. ಪುನರ್ರಚನೆಯೊಡನೆ ನನಗೆ ಬೆಂಗಳೂರಿಗೆ ವರ್ಗವಾಗಿ, ನಾವು ಬೇರೆ ಬೇರೆ ಊರುಗಳಲ್ಲಿ ಬದುಕತೊಡಗಿ ಐದನೆಯ ವರ್ಷ ನಡೆಯುತ್ತಿತ್ತು. ಕನ್ನಡಿಗರೆಲ್ಲ ಒಂದೇ ರಾಜ್ಯದಲ್ಲಿ ಕೂಡಿದ ಸಂಭ್ರಮದ ವರ್ಷದಿಂದಲೇ ನಮ್ಮ ಅಗಲಿಕೆಯ ಲೆಕ್ಕವೂ ಆರಂಭವಾಗುತ್ತದೆ.

ಮಂಗಳವಾರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಹತ್ತಿ ವ್ಯಾಪಾರಿ ಚನ್ನಬಸಪ್ಪನವರು ಟಾಂಗಾ ತಂದು ಕಾದಿದ್ದರು. ದೇಶಪಾಂಡೆ ನಗರದಲ್ಲಿ ತಮ್ಮ ಸೋದರನ ಖಾಲಿ ಬಂಗಲೆಯನ್ನು ಅವರು ದಫ್ತರಕ್ಕೆ ಕೊಡಲು ಮುಂದೆ ಬಂದಿದ್ದರು. ನಾಲ್ಕು ಕೋಣೆ, ಒಣನೆಲ, ಗೆದ್ದಲಿಲ್ಲ. ಕೀಲಿಕೈ ಅವರ ಕೈಯಲ್ಲಿಯೇ ಇತ್ತು. ಧಾರವಾಡದವರು ಒಪ್ಪುವರೇ ಎಂದು ಕೇಳಿದೆ.

“ಅವರು ಓದಿದ ಮಂದಿ ರಾಯರ. ಹುಬ್ಬಳ್ಳ್ಯಾಗ ಇಟ್ರ ನಾವು ಆ ಕಾಗದಾ ಹತ್ತಿ ಅಂಡಗಿಗೆ ಸುತ್ತತೇವಿ ಅಂತ ಅವರ ಅಂಜಿಕಿ,” ಎಂದು ಅವರು ನಕ್ಕರು. “ಧಾರವಾಡದಾಗ ಇಟ್ರ ಓದತಾರ, ಖರೇ ಐತಿ. ಓದಾಕ ಕುಂತವರು ಏಳೂದ ಇಲ್ಲ, ಅದೊಂದ ತ್ರಾಸು.”

ಅಲ್ಲಿಂದ ಧಾರವಾಡಕ್ಕೆ ಬಸ್ಸು. ಹನ್ನೆರಡು ಮೈಲಿಗೆ ಐವತ್ತು ನಯೇಪೈಸೆ, ಜನ ಇನ್ನೂ ಎಂಟಾಣೆ ಎನ್ನುತ್ತಿದ್ದರು. ಈಗ ನವನಗರ ಎದ್ದಿರುವ ಎಡೆಯಲ್ಲಿ ಆಗ ಕಪ್ಪು ಹೊಲಗಳು. ಹಿಂಗಾರಿ ಜೋಳ ಹಾಲುಗಾಳಿನಲ್ಲಿತ್ತು, ಅಲ್ಲಲ್ಲಿ ಸೀತನಿಗೆಂದು ಎಳೆಯ ತೆನೆ ಸುಡುವ ಹೊಗೆ. ಆ ವಾಸನೆಗೆ ಬಸ್ಸಿನ ಜನರೆಲ್ಲ ಒಮ್ಮೆ ಕಿಟಕಿಯತ್ತ ತಿರುಗಿದರೆಂದು ನನ್ನ ನೆನಪು; ಇದಕ್ಕೆ ಬೇರೆ ಆಧಾರವಿಲ್ಲ.

ಧಾರವಾಡದ ಪರವಾಗಿ ಪತ್ರ ಬರೆದಿದ್ದವರು ರಾಮರಾಯ ವಕೀಲರು. ತಮ್ಮ ಹಿರಿಯರ ಕಾಲದ ವಾಡೆಯನ್ನು ಅವರು ಸೂಚಿಸಿದ್ದರು. ‘ಕಳೆದ ದೀಪಾವಳಿಯಿಂದ ತೆರವಾಗಿದೆ’ ಎಂಬ ವಾಕ್ಯವನ್ನು ನಾನು ಬೆಂಗಳೂರಿನಲ್ಲಿಯೇ ಕೆಂಪು ಸೀಸದಿಂದ ಗುರುತಿಸಿಟ್ಟಿದ್ದೆ. ಮಧ್ಯಾಹ್ನ ಅವರೊಂದಿಗೆ ವಾಡೆಯ ಮಾಳಿಗೆ ಹತ್ತಿದೆ. ಉದ್ದನೆಯ ಸಾಗವಾನಿ ಕಂಬಗಳ ಹಜಾರ. ದಫ್ತರಕ್ಕೆ ಇದಕ್ಕಿಂತ ತಕ್ಕ ಸ್ಥಳವಿರಲಿಲ್ಲ. ಆದರೆ ನೆಲದ ಮೇಲೆ ಸಾಲಾಗಿ ಚಾಪೆಗಳಿದ್ದವು, ಗೋಡೆಗೆ ಕರಿಹಲಗೆಯೊಂದು ಒರಗಿತ್ತು. ಹಲಗೆಯ ಮೂಲೆಯಲ್ಲಿ ‘೧೭-೧-೬೧, ಮಂಗಳವಾರ’ ಎಂದು ಸುಣ್ಣದ ಕಡ್ಡಿಯಲ್ಲಿ ಬರೆದಿತ್ತು. ಏಳರ ಅಂಕಿಯ ಕೊನೆಯನ್ನು ಅಷ್ಟು ಉದ್ದಕ್ಕೆ ಎಳೆಯುವವರು ನನಗೆ ಗೊತ್ತಿದ್ದಂತೆ ಒಬ್ಬರೇ. ನಾಲ್ಕು ವರ್ಷ ವಾರಕ್ಕೊಂದರಂತೆ ಆ ಕೈಯ ಪತ್ರಗಳನ್ನು ಓದಿದವನು ನಾನು.

ವಕೀಲರು ಗಲಿಬಿಲಿಗೊಳ್ಳಲಿಲ್ಲ. ಕನ್ಯಾಶಾಲೆಯಲ್ಲಿ ಜಾಗ ಸಾಲದೆ ಏಳನೆಯ ಇಯತ್ತೆಯ ಹುಡುಗಿಯರು ಎರಡು ವರ್ಷದಿಂದ ಇಲ್ಲಿ ಕೂಡುತ್ತಿದ್ದಾರೆ, ಬಾಡಿಗೆಯಿಲ್ಲ, ಕರಾರಿಲ್ಲ ಎಂದು ವಿವರಿಸಿದರು. “ನಿಮ್ಮ ಮನಿಯವರೇ ಬಂದು ಹೇಳ್ಯಾರ. ಹುಡುಗೇರಿಗೆ ಬ್ಯಾರೆ ಕಡೆ ನೋಡತೀನಿ, ನೀವು ಖಾಲಿ ಅದ ಅಂತ ಬರೀರಿ ಅಂದ್ರು. ನಿಮಗ ಗೊತ್ತದ ಅಂತ ತಿಳದಿದ್ದೆ,” ಎಂದರು.

ಸಂಜೆ ಮನೆಯಲ್ಲಿ ಸುಮಿತ್ರಾ ರೊಟ್ಟಿ ಬಡಿಯುತ್ತಿದ್ದಳು. ನಾನು ಕೇಳುವ ಮೊದಲೇ ತಿಳಿದುಕೊಂಡಳು. ಹುಡುಗಿಯರಿಗಾಗಿ ಮಠದ ಪಡಸಾಲೆಯನ್ನು ಕೇಳಿದ್ದಾಳಂತೆ. ಅಲ್ಲಿ ಸಂತೆಯ ದಿನ ಬಿಟ್ಟರೆ ಉಳಿದ ದಿನ ಪಾಠ ನಡೆಸಬಹುದು, ಮಳೆ ಬಾರದಿದ್ದರೆ. ಪರೀಕ್ಷೆ ಮುಗಿದ ಮೇಲೆ ಜೂನ್ ತಿಂಗಳಿಗೆ ಏನು ಮಾಡುವೆ ಎಂದೆ.

“ಜೂನ್‌ದಾಗ ನೀವು ಇಲ್ಲೇ ಇರ್ತೀರಿ. ಇಬ್ಬರೂ ಕೂಡಿ ಹುಡುಕೋಣು,” ಎಂದಳು.

ವರದಿಯ ನಮೂನೆಯಲ್ಲಿ ಕಟ್ಟಡ ತೆರವಾದ ದಿನಾಂಕವೆಂದೇ ಒಂದು ಕಲಮು ಇದೆಯೆಂದು ತಿಳಿಸಿದೆ. ಅವಳು ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ. “ನಿಮಗ ತಾರೀಖು ತಪ್ಪಬಾರದು. ವರ್ಷ ತಪ್ಪಿದ್ರ ನಡೀತದ.”

ಊಟದ ಹೊತ್ತಿಗೆ ಹುಬ್ಬಳ್ಳಿಯ ಬಂಗಲೆಯ ಮಾತು ತೆಗೆದೆ. ಅಲ್ಲಿ ಶಾಖೆಯಾದರೂ ನಾನು ಮನೆಯಿಂದಲೇ ಹೋಗಿಬರಬಹುದಿತ್ತು. ಅವಳ ಮುಖ ತಿಳಿಯಾಯಿತು. ಹುಬ್ಬಳ್ಳಿಯೇನು ಕಾಶಿಯೇ ಎಂದು ನಕ್ಕಳು. ಮರುದಿನ ಅರ್ಧ ದಿನ ರಜೆ ಹಾಕಿ ನನ್ನೊಡನೆ ಹೊರಟಳು.

ಬುಧವಾರ ಮಧ್ಯಾಹ್ನ ಚನ್ನಬಸಪ್ಪನವರ ಪಡಸಾಲೆಯಲ್ಲಿ ಎರಡೂ ಊರಿನವರು ಕೂಡಿದರು. ಸೀತನಿ, ಶೇಂಗಾಚಟ್ನಿ, ಬೆಲ್ಲ, ಮೇಲೆ ಚಹಾ. ಸುಮಿತ್ರಾ ಒಳಗೆ ಮನೆಯ ಹೆಂಗಸರೊಡನೆ ಬಾಗಿಲ ಬಳಿ ಕುಳಿತಿದ್ದಳು. ಹುಬ್ಬಳ್ಳಿಯ ಬಂಗಲೆಯೇ ಯೋಗ್ಯವೆಂದು ನಾನು ಕಾರಣ ಸಹಿತ ಹೇಳಿದೆ. ರಾಮರಾಯರು ಶಾಂತವಾಗಿ ಕೇಳಿ ತಲೆಯಾಡಿಸಿದರು. ನಾನು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಸಹಿಯಾಗದು ಎಂದರು.

“ವಿದ್ಯಾದ ಕಚೇರಿ ಹುಬ್ಬಳ್ಳಿಗೆ ಬಿಟ್ಟುಕೊಟ್ಟು ನಾ ಧಾರವಾಡದ ಪ್ಯಾಟ್ಯಾಗ ಹೆಂಗ ಅಡ್ಡಾಡಲಿ? ಶಾಖೆ ಬರದಽ ಹೋದ್ರ ಬರದಽ ಹೋಗಲಿ.”

ಒಂದು ಗಂಟೆ ವಾದ ನಡೆಯಿತು, ಸಹಿ ಬರಲಿಲ್ಲ. ಆಗ ಚನ್ನಬಸಪ್ಪನವರು ಲೇಖನಿಯನ್ನು ತಾವೇ ಎಳೆದುಕೊಂಡರು. “ಹಂಗಾರ ಧಾರವಾಡಕ್ಕಽ ನಾ ಒಪ್ಪೇನಿ. ಬೆಂಗಳೂರಾಗ ಕೊಳಿಯೂದಕ್ಕಿಂತ ಛಲೋ. ಬರ್ಕೊಳ್ರಿ ರಾಯರ,” ಎಂದು ವಾಡೆಯ ಕಾಗದಕ್ಕೆ ಸಹಿ ಮಾಡಿ ವಕೀಲರತ್ತ ಸರಿಸಿದರು. ವಕೀಲರೂ ಮಾಡಿದರು. ಅವರ ಕಣ್ಣು ಒದ್ದೆಯಾಗಿದ್ದುದನ್ನು ನಾನು ನೋಡಿದೆ. ಎರಡು ಊರುಗಳು ಒಂದೇ ಹಾಳೆಯ ಮೇಲೆ ಕೂಡಿದ್ದವು. ಉಳಿದದ್ದು ನಾನು ತುಂಬಬೇಕಾದ ಒಂದು ಕಲಮು.

ಬಾಗಿಲ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಲೇಖನಿಯನ್ನು ನೋಡುತ್ತಿದ್ದಳು. ‘ತೆರವಾಗಿಲ್ಲ, ೧೭-೧-೬೧ರಂದು ಶಾಲೆಯ ತರಗತಿ ನಡೆದ ಗುರುತು ಕಂಡೆ’ ಎಂದು ಬರೆದೆ. ಚನ್ನಬಸಪ್ಪನವರು ಇನ್ನೊಮ್ಮೆ ಚಹಾ ತರಹೇಳಿದರು.

ಆ ವರ್ಷದ ಪಟ್ಟಿಯಲ್ಲಿ ಶಾಖೆಯ ಬಾಬು ಸೇರಲಿಲ್ಲ. ಮರುವರ್ಷವೂ ಇಲ್ಲ. ೧೯೬೨ರಲ್ಲಿ ಎರಡೂ ಊರುಗಳು ಒಂದೇ ನಗರಪಾಲಿಕೆಯಾದವು. ಆಗ ಯಾರಿಗೂ ದಫ್ತರದ ನೆನಪಾಗಲಿಲ್ಲ. ಏಳನೆಯ ಇಯತ್ತೆ ಇನ್ನೂ ಆರು ವರ್ಷ ಆ ಮಾಳಿಗೆಯಲ್ಲಿಯೇ ನಡೆಯಿತೆಂದು ಶಾಲೆಯ ಹಾಜರಿ ಪುಸ್ತಕಗಳನ್ನು ನೋಡಿ ಖಚಿತಪಡಿಸಿಕೊಂಡಿದ್ದೇನೆ. ನಾನು ಧಾರವಾಡಕ್ಕೆ ವರ್ಗವಾಗಿ ಎಂದೂ ಬರಲಿಲ್ಲ, ನಿವೃತ್ತನಾಗಿ ಬಂದೆ.

ಆ ಬುಧವಾರ ಸಂಜೆ ಸುಮಿತ್ರಾಳನ್ನು ಧಾರವಾಡದ ಬಸ್ಸಿಗೆ ಹತ್ತಿಸಿದೆ. ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ, “ಖಾಲಿ ಅದ ಅಂತ ಬರ್ದಿದ್ರೂ ನಾ ಸಿಟ್ಟಾಗ್ತಿದ್ದಿಲ್ಲ. ಅಷ್ಟು ನಿಮಗ ಗೊತ್ತಿರಲಿ,” ಎಂದಳು. ಕಿಟಕಿಯ ಬದಿ ಅವಳಿಗೆ ಸಿಕ್ಕಲಿಲ್ಲ. ಬಸ್ಸು ಹೊರಟಾಗ ಬೇರೆಯವರ ಹೆಗಲ ಆಚೆಗೆ ಸೀರೆಯ ನೀಲಿ ಮಾತ್ರ ಕಂಡಿತು.

ಆಮೇಲಿನದಕ್ಕೆ ದಿನಚರಿಯಲ್ಲಿ ಒಂದೇ ವಾಕ್ಯವಿದೆ: ‘ಗಾಡಿಯಲ್ಲಿ ಜಾಗವಿಲ್ಲ, ಹರಿಹರದವರೆಗೆ ನಿಂತು ಬಂದೆ.’ ಬಸ್ಸು ಹೋದದ್ದಕ್ಕೂ ಗಾಡಿ ಬಂದದ್ದಕ್ಕೂ ನಡುವೆ ಒಂದೂವರೆ ಗಂಟೆಯ ಅಂತರವಿತ್ತು. ರೈಲು ನಿಲ್ದಾಣಕ್ಕೆ ಕಾಲು ಗಂಟೆಯ ಹಾದಿ. ಅಷ್ಟು ಮೊದಲೇ ಬಿಡುವಾದವನಿಗೆ ಗಾಡಿಯಲ್ಲಿ ಜಾಗ ಸಿಗದಷ್ಟು ತಡವೇಕಾಯಿತೆಂಬುದಕ್ಕೆ ದಾಖಲೆಯಿಲ್ಲ. ಧಾರವಾಡದ ರಸ್ತೆಯನ್ನು ನೋಡುತ್ತ ಅಲ್ಲಿಯೇ ನಿಂತಿದ್ದಿರಬೇಕು.