ಕೂಸಿನ ಪಕ್ಕದ ಸೀಟು

ಅದು ವಿಮಾನದ ಎಷ್ಟನೆಯ ಸಾಲು, ಬೆಕ್ಕಿನ ಚೀಲ ನೀಲಿಯೋ ಹಸಿರೋ, ಆಣೆ ಮಾಡಿ ಹೇಳಲಾರೆ. ಕೆಲವು ವಿವರಗಳನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಆದರೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಸಿಂಧು ಮೌಶಿ ಕೇಳುತ್ತಿದ್ದುದು ಚೆನ್ನಾಗಿ ನೆನಪಿದೆ. ಎಲ್ಲರೂ ಕಿಟಕಿ ಕೇಳಿದರೆ ಅವಳು ಸಣ್ಣ ಕೂಸಿನ ಪಕ್ಕದ ಸೀಟು ಕೇಳುತ್ತಿದ್ದಳು. ಕೌಂಟರಿನ ಹುಡುಗಿಯರು ನಂಬದೆ ಎರಡನೇ ಸಲ ವಿಚಾರಿಸುತ್ತಿದ್ದರು.

ಮೌಶಿ ನನ್ನ ತಾಯಿಯ ತಂಗಿ. ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ತಾರ್ನಾಕದ ಮನೆಯಲ್ಲಿ ಅವಳೂ ಬಾದಾಮಿ ಎಂಬ ಬೆಕ್ಕೂ ಇಬ್ಬರೇ. ಅವಳಿಗೆ ಎಡಗಿವಿ ಮಂದ. ಅದಕ್ಕೇ ಕೂಸುಗಳ ಅಳು ಸಹಿಸುತ್ತಾಳೆಂದು ಮನೆಯವರು ನಗುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ, ಕೂಸು ಯಾವಾಗಲೂ ತನ್ನ ಬಲಕ್ಕೆ ಬರುವಂತೆ ಅವಳು ಕೂರುವುದನ್ನು ಗಮನಿಸುವವರೆಗೆ. ಯಾಕೆಂದು ಕೇಳಿದೆ.

"ಅಳೂದ್ರಾಗ ಫರಕ್ ಇರ್ತೈತಿ. ಹಸಿವಿಂದು ಬ್ಯಾರೆ, ಕಿವಿನೋವಿಂದು ಬ್ಯಾರೆ. ಕೇಳದ ಹ್ಯಾಂಗ ಗೊತ್ತಾಗಬೇಕು?"

ವಿಮಾನ ಇಳಿಯುವಾಗ ಕೂಸು ಚೀರಿದರೆ ತಾಯಿಗೆ ಹಾಲು ಕುಡಿಸಲು ಹೇಳುತ್ತಿದ್ದಳು. ನುಂಗಿದರೆ ಕಟ್ಟಿದ ಕಿವಿ ಬಿಡುತ್ತದೆ. ಗೊಣಗಿದ ಕಲಬುರಗಿಯ ಯಜಮಾನರೊಬ್ಬರಿಗೆ ಒಮ್ಮೆ, "ನೋಯಾಕತ್ತಿದ್ದು ಅದರ ಕಿವಿ ಐತ್ರಿ, ನಿಮ್ಮದಲ್ಲ" ಎಂದಿದ್ದಳು.

ಅವಳ ಇನ್ನೊಂದು ಪದ್ಧತಿ ಮೊಸರಿನದು. ಊರಿಗೆ ಹೊರಟವರ ಅಂಗೈಗೆ ಒಂದು ಚಮಚ ಮೊಸರು ಬೀಳದೆ ಮನೆಯ ಬಾಗಿಲು ದಾಟುವಂತಿರಲಿಲ್ಲ. ಊರೊಳಗೇ ಇರುವ ಬೇಗಂ ಬಜಾರಿಗೆ ಹೊರಟ ನನಗೂ ಹಾಕಿದ್ದುಂಟು.

ಪುಣೆಯಲ್ಲಿ ಮಾಮಾನಿಗೆ ಹೃದಯದ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಮಾಮಾ ಮೌಶಿಯ ಒಬ್ಬನೇ ತಮ್ಮ. "ಒಳಗ ಒಯ್ಯೋ ಮುಂಚೆ ಅಕ್ಕ ಬಾಜೂಕ ಇರಬೇಕು" ಎಂಬುದೊಂದೇ ಅವನ ಹಟ. ಹಿಂದಿನ ಸಂಜೆಯ ವಿಮಾನಕ್ಕೆ ಅವನ ಮಗಳು ವೈದೇಹಿ, ಮೌಶಿ, ನಾನು ಹೊರಟೆವು. ನನಗೆ ಮರುದಿನ ಅಲ್ಲೇ ಕಾಲೇಜೊಂದರಲ್ಲಿ ನೌಕರಿಯ ಸಂದರ್ಶನವೂ ಇತ್ತು. ಮೌಶಿ ಜೊತೆಗೆ ಬರಲಿದ್ದ ಬಾದಾಮಿಯ ಮುಂದೆಯೂ ಮೊಸರಿನ ಬಟ್ಟಲು ಇಟ್ಟಳು.

"ಮೌಶಿ, ಖಾಲಿ ಹೊಟ್ಟೀಲೆ ಕರಕೊಂಡು ಹೋಗ್ರಿ ಅಂದಿದ್ರಲ್ಲ ಬೆಕ್ಕಿನ ಡಾಕ್ಟರು!" ಎಂದೆ ನಾನು.

"ಊಟ ಹಾಕಬ್ಯಾಡ್ರಿ ಅಂದಾರ. ಇದು ಊಟೇನು? ಶಕುನ."

ವಿಮಾನದ ಬಾಗಿಲು ಇನ್ನೂ ಮುಚ್ಚಿರಲಿಲ್ಲ. ಬಾದಾಮಿ ಚೀಲದೊಳಗೆ ವಾಂತಿ ಮಾಡಿ ಒಂದೇ ಸಮನೆ ಕೂಗತೊಡಗಿತು. ಪಕ್ಕದ ಸಾಲಿನಲ್ಲಿ ಮಲಗಿದ್ದ ಕೂಸು ಎದ್ದು ಅದಕ್ಕಿಂತ ಜೋರಾಗಿ ಅತ್ತಿತು.

"ಬಚ್ಚಾ ರೋಯಾ ತೋ ಚಲ್ತಾ. ಬಿಲ್ಲಿ ಕಾಯಕೂ?" ಎಂದರು ಹಿಂದಿನವರೊಬ್ಬರು, ಕೂಸು ಅತ್ತರೆ ನಡೆದೀತು, ಬೆಕ್ಕು ಯಾಕೆ ಎಂಬಂತೆ.

"ಇಸ್ಕಾ ಭೀ ಟಿಕೆಟ್ ಹೈ, ಭಾಯ್ ಸಾಬ್," ಎಂದಳು ಮೌಶಿ.

ಕಾಯಿಲೆಯಾದ ಪ್ರಾಣಿಯನ್ನು ಒಯ್ಯಲಾಗದು, ಯಾರಾದರೊಬ್ಬರು ಅದನ್ನು ತೆಗೆದುಕೊಂಡು ಇಳಿಯಬೇಕು ಎಂದು ವಿಮಾನದ ಸಿಬ್ಬಂದಿ ಹೇಳಿದರು. ಮೌಶಿ ವಾದಿಸಲಿಲ್ಲ. "ಮೊಸರಿಟ್ಟಾಕಿ ನಾ. ನೀವು ನಡೀರಿ, ನನ್ನ ತಮ್ಮಗ ಹೇಳ್ರಿ" ಎಂದು ಚೀಲ ಎದೆಗವಚಿಕೊಂಡು ಇಳಿದುಹೋದಳು. ಆ ಕೂಸು ಪುಣೆಯವರೆಗೂ ಅತ್ತಿತು. ಹಾಲು ಕುಡಿಸೆಂದು ಅದರ ತಾಯಿಗೆ ಹೇಳಲು ನನಗೆ ಹೊಳೆಯಲೇ ಇಲ್ಲ.

ಮರುದಿನ ಮೌಶಿ ಕಾರಿನಲ್ಲಿ ಪುಣೆ ಮುಟ್ಟಿದಾಗ ಮಧ್ಯಾಹ್ನ. ಬೆಳಿಗ್ಗೆಯೇ ಮಾಮಾನನ್ನು ಒಳಗೆ ಒಯ್ದಿದ್ದರು. ಬಾಗಿಲು ಮುಚ್ಚುವವರೆಗೂ ಅವನು ನಮ್ಮ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡುತ್ತಿದ್ದ. ಅವನು ಚೆನ್ನಾಗಿಯೇ ಗುಣವಾದ. ಮೌಶಿ ನನ್ನನ್ನು ಸಂದರ್ಶನ ಹ್ಯಾಂಗಾತು ಎಂದು ಕೇಳಿದಳು, ಅಷ್ಟೆ.

ಅವಳು ತೀರಿಕೊಂಡು ವರ್ಷವಾಗುತ್ತಾ ಬಂತು. ನನ್ನ ನೆನಪಿನಲ್ಲಿ ನಾನು ಸೀಟಿನ ಬೆಲ್ಟ್ ಬಿಚ್ಚಿ, "ಬೆಕ್ಕು ನನಗ ಕೊಡು, ನೀ ಹೋಗು" ಅಂದಿದ್ದೇನೆ. ಅವಳು "ನಿನ್ನ ಕೈಯಾಗ ನಿಲ್ಲೂದಿಲ್ಲ ಅದು" ಅಂದಿದ್ದಾಳೆ. ಈ ನೆನಪು ದಿನದಿಂದ ದಿನಕ್ಕೆ ಹೆಚ್ಚು ಸ್ಪಷ್ಟವಾಗುತ್ತಿದೆ. ಅದಕ್ಕೇ ನನಗೆ ಅನುಮಾನ.

ಹೋದ ವಾರ ವೈದೇಹಿಗೆ ಬರೆದು ಕೇಳಿದೆ: "ಅವತ್ತು ನಾ ಎದ್ದಿದ್ನೇನು, ಇಲ್ಲಾ ಕೂತೇ ಇದ್ನೇನು?" ಅವಳು ಓದಿದ್ದಾಳೆ. ಇನ್ನೂ ಉತ್ತರಿಸಿಲ್ಲ.