ಕೆಳಗಿನ ಮನೆ ಅಕ್ಕನ ಹಾಡು

ಹೋದ ತಿಂಗಳು ಮೆಟ್ರೋದಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸಿನ ಜಡೆಯಿಂದ ದವನದ ವಾಸನೆ ಬಂತು. ಕನಕಾಂಬರದ ನಡುನಡುವೆ ದವನ ಸೇರಿಸಿ ಕಟ್ಟಿದ ಒಂದು ಮೊಳ ಹೂವು. ಬೆಳಿಗ್ಗೆ ಮುಡಿದದ್ದಿರಬೇಕು, ಸಂಜೆಯ ಹೊತ್ತಿಗೆ ಬಾಡಿ ವಾಸನೆ ಇನ್ನೂ ಜೋರಾಗಿತ್ತು. ಆಕೆ ಹಲಸೂರಿನಲ್ಲಿ ಇಳಿದು ಹೋದಳು. ಕೆ.ಆರ್.ಪುರದ ತನಕ ಹೋಗಬೇಕಿದ್ದ ನಾನು ಕಂಬಿ ಹಿಡಿದು ನಿಂತೇ ಇದ್ದೆ. ನನ್ನ ಮುಖ ಹೇಗಿತ್ತೋ ಏನೋ, ಒಬ್ಬ ಹುಡುಗಿ ಎದ್ದು ಸೀಟು ಬಿಟ್ಟುಕೊಟ್ಟಳು.

ಅದೇ ಹಲಸೂರಿನಲ್ಲಿ, ಮಾರ್ಕೆಟ್ಟಿನ ಹಿಂದಿನ ಒಂದು ಗಲ್ಲಿಯಲ್ಲಿ, ಹದಿನೈದು ವರ್ಷಗಳ ಹಿಂದೆ ನಾನು ಬಾಡಿಗೆಗಿದ್ದೆ. ಆಗ ಮುಖ್ಯರಸ್ತೆಯಲ್ಲಿ ಮೆಟ್ರೋದ ಕಂಬಗಳು ಏಳುತ್ತಿದ್ದವು, ಬಟ್ಟೆ ಒಣಹಾಕಿದರೆ ಸಿಮೆಂಟಿನ ಧೂಳು ಕೂರುತ್ತಿತ್ತು. ನಾನು ಹಾವೇರಿ ಕಡೆಯವಳು. ಶಿವಾಜಿನಗರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ. ದಿನವಿಡೀ ಮದುವೆಯ ಕಾರ್ಡು, ತಿಥಿಯ ಕಾರ್ಡು, ಗೃಹಪ್ರವೇಶದ ಕಾರ್ಡು ಕೂಡಿಸುವುದು. ತಾರಸಿಯ ಮೇಲಿನ ಒಂಟಿ ಕೋಣೆ ನನ್ನದು. ಕೆಳಗಿನ ಮನೆಯಲ್ಲಿ ಅಕ್ಕ ಮತ್ತು ಅವಳ ಗಂಡ.

ಅಕ್ಕ ಮಾಲೂರಿನ ಕಡೆಯವಳು. ಸೀರೆಯ ಸೆರಗಿಗೆ ಕುಚ್ಚು ಕಟ್ಟಿ ಕೊಡುತ್ತಿದ್ದಳು. ಮಕ್ಕಳಿರಲಿಲ್ಲ. ಸಂಜೆ ಆರರ ಸುಮಾರಿಗೆ ಹೂವಿನವಳು ಬುಟ್ಟಿ ಹೊತ್ತು ಬಂದರೆ ಅಕ್ಕ ದವನದ ವಾಸನೆ ನೋಡಿಯೇ ಹೂವು ಕೊಳ್ಳುತ್ತಿದ್ದಳು. ಒಂದು ಗೇಣು ಹರಿದು ನನಗೆ ಕೊಟ್ಟು, ಉಳಿದದ್ದನ್ನು ಮುಡಿದು, ಮುಖ ತೊಳೆದು, ಸೀರೆ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಮುಖ ಯಾವಾಗಲೂ ಗೇಟಿನ ಕಡೆಗೆ. ಪ್ರೆಸ್ಸಿನಿಂದ ಬಂದ ನಾನು ಅವಳಿಗಿಂತ ಒಂದು ಮೆಟ್ಟಿಲು ಮೇಲೆ ಕೂತು, ಬಿಡಿಸಿಕೊಂಡ ರೇಷ್ಮೆ ದಾರಗಳನ್ನು ಎಳೆ ಎಳೆಯಾಗಿ ಕೊಡುತ್ತಿದ್ದೆ.

ಅವಳ ಗಂಡನನ್ನು ನಾನು ಅಣ್ಣ ಎನ್ನುತ್ತಿದ್ದೆ. ದೊಡ್ಡನೆಕ್ಕುಂದಿಯ ಒಂದು ಫ್ಯಾಕ್ಟರಿಯಲ್ಲಿ ಲೇಥ್ ಆಪರೇಟರ್. ಕಂಟೋನ್ಮೆಂಟಿನ ಹುಡುಗರ ಜೊತೆ ಬೆಳೆದು, ಚರ್ಚಿನಲ್ಲಿ ನುಡಿಸುತ್ತಿದ್ದ ಗೆಳೆಯನೊಬ್ಬನಿಂದ ಗಿಟಾರ್ ಕಲಿತವರು. ಶಿಫ್ಟ್ ಮುಗಿದ ಕೂಡಲೇ ಬೈಯಪ್ಪನಹಳ್ಳಿಯ ರೈಲುಹಳಿಯ ಪಕ್ಕದ ಒಂದು ತಗಡಿನ ಶೆಡ್ಡಿಗೆ ಹೋಗುತ್ತಿದ್ದರು. ಅಲ್ಲಿ ಮೂವರು ಗೆಳೆಯರು, ಒಂದು ಡ್ರಮ್ ಸೆಟ್ಟು, ಸಾಲದಲ್ಲಿ ತಂದ ಎರಡು ಆಂಪ್ಲಿಫೈಯರು. ಕನ್ನಡದಲ್ಲಿ ರಾಕ್ ಹಾಡುತ್ತೇವೆ ಎಂದರೆ ಆಗ ಜನ ನಗುತ್ತಿದ್ದರು. ಅಣ್ಣ ಕೆಟ್ಟವರೇನಲ್ಲ. ಕುಡಿಯುತ್ತಿರಲಿಲ್ಲ, ಒಂದು ದಿನವೂ ಅಕ್ಕನ ಮೇಲೆ ಕೈ ಎತ್ತಿದವರಲ್ಲ. ಮನೆಯಲ್ಲಿ ಇರುತ್ತಿರಲಿಲ್ಲ, ಅಷ್ಟೇ. ಇದ್ದ ಭಾನುವಾರಗಳಲ್ಲೂ ಅವರ ಬೆರಳು ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಿರುತ್ತಿತ್ತು, ಅಕ್ಕ ಏನಾದರೂ ಕೇಳಿದರೆ ಎರಡನೆಯ ಸಲಕ್ಕೆ "ಆಂ?" ಅನ್ನುತ್ತಿದ್ದರು.

ಒಂದು ಭಾನುವಾರ ಅಣ್ಣ ಗಿಟಾರ್ ಹಿಡಿದು ನನ್ನ ಕೋಣೆಯ ಮುಂದೆ ಬಂದು ಕೂತರು. ಒಂದು ಟ್ಯೂನ್ ಮಾಡಿದ್ದೇನೆ, ಮಾತು ಸಿಗುತ್ತಿಲ್ಲ, ನೀನು ಪ್ರೆಸ್ಸಿನಲ್ಲಿ ಇಷ್ಟೆಲ್ಲ ಬರೆಯುತ್ತೀಯಲ್ಲ, ನೋಡು ಅಂದರು. ನಿಧಾನದ ಟ್ಯೂನು. ಬರೀ ಲಾ ಲಾ ಎಂದು ಹಾಡಿದರೂ ಎದೆ ಹಿಂಡುವಂತಿತ್ತು. ಯಾರೋ ಯಾರಿಗೋ ಕಾಯುತ್ತಿರುವ ಹಾಡು ಬೇಕು, ಸಿಂಪಲ್ಲಾಗಿರಬೇಕು ಎಂದರು. ನಾನು ಬರೆದೆ. ಚಂದ್ರ, ಹುಣ್ಣಿಮೆ, ವಿರಹದ ಉರಿ ಎಲ್ಲವನ್ನೂ ತುಂಬಿ ಎರಡು ವಾರ ಹಾಳೆಯ ಮೇಲೆ ಹಾಳೆ ಕೊಟ್ಟೆ. ಅವರು ಓದಿ, ಬೇಜಾರಾಗದ ಹಾಗೆ ನಕ್ಕು, "ಮದುವೆ ಕಾರ್ಡ್ ಥರ ಇದೆ ಕಣಮ್ಮ" ಎಂದು ವಾಪಸ್ಸು ಕೊಡುತ್ತಿದ್ದರು.

ಆ ದಿನಗಳಲ್ಲೇ ಒಂದು ಸಂಜೆ ಮೆಟ್ಟಿಲ ಮೇಲೆ ಕೂತಿದ್ದಾಗ ಗೇಟು ಕಿರ್ರೆಂದಿತು. ಅಕ್ಕ ಮಡಿಲಿನ ಸೀರೆ ಜಾರುವಂತೆ ಎದ್ದು ನಿಂತಳು. ಗೇಟಿನ ಸಂದಿಯಿಂದ ನುಸುಳಿ ಬಂದದ್ದು ಪಕ್ಕದ ಮನೆಯ ಬೆಕ್ಕು. ಅಕ್ಕ ಕೂತು, ಬಿದ್ದ ದಾರ ಹುಡುಕುತ್ತ, ನನ್ನನ್ನು ನೋಡದೆ ಹೇಳಿದಳು.

"ಗೇಟ್ ಸದ್ದಾದ್ರೆ ಎದ್ದು ನಿಂತ್ಕೊಂಡ್‌ಬಿಡ್ತೀನಿ ಕಣೆ. ಬೆಕ್ಕು ಬಂದ್ರೂ ಎದ್ದು ನಿಲ್ತೀನಿ. ದಿನಾ ಎರಡು ತಟ್ಟೆ ಹಾಕಿ ಎರಡು ತಟ್ಟೆ ತೊಳೀತೀನಿ, ಉಂಡಿರೋದು ಒಂದ್ರಲ್ಲೇ."

ಆಮೇಲೆಯೂ ಬಹಳ ಹೊತ್ತು ಮಾತಾಡಿದಳು. ಇದೇ ಊರಿನಲ್ಲಿರುವ ಗಂಡನಿಗೆ, ದೇಶ ಬಿಟ್ಟು ಹೋದವನಿಗೆ ಕಾಯುವ ಹಾಗೆ ಕಾಯುತ್ತೇನೆ ಎಂದಳು. ಪಕ್ಕದಲ್ಲೇ ಮಲಗಿದ್ದಾಗಲೂ ಯಾವಾಗ ಬರುತ್ತಾರೋ ಅನಿಸುತ್ತದೆ ಎಂದಳು. ಅಷ್ಟು ಮಾತನ್ನು ಅವಳು ಬೇರೆ ಯಾರ ಹತ್ತಿರವೂ ಆಡಿರಲಾರಳು. ನಾನು ಏನು ಸಮಾಧಾನ ಹೇಳಿದೆನೋ, ಹೇಳಿದೆನೋ ಇಲ್ಲವೋ... ನೆನಪಿಲ್ಲ. ಮರುದಿನ ಮಧ್ಯಾಹ್ನ ಪ್ರೆಸ್ಸಿನಲ್ಲಿ ಊಟದ ಬಿಡುವಿನಲ್ಲಿ, ಒಂದು ಹಳೆಯ ಪ್ರೂಫಿನ ಹಿಂಬದಿಗೆ ಇಡೀ ಹಾಡನ್ನು ಒಂದೇ ಉಸಿರಿಗೆ ಬರೆದು ಮುಗಿಸಿದೆ ಎಂಬುದಷ್ಟೇ ನೆನಪಿದೆ.

ಎರಡು ತಟ್ಟೆ ತೊಳೆದಿಟ್ಟೆ, ಉಂಡದ್ದು ಒಂದೇ
ಗೇಟು ಸದ್ದಾಯಿತೆಂದೆದ್ದೆ, ಬಂದದ್ದು ಗಾಳಿ

ಮೊದಲು ಬೆಕ್ಕು ಎಂದೇ ಬರೆದಿದ್ದೆ. ಹಾಡಿಕೊಂಡು ನೋಡಿದಾಗ ಬೆಕ್ಕು ಎಂದರೆ ಸ್ವರ ಅಲ್ಲೇ ಮುಗ್ಗರಿಸುತ್ತಿತ್ತು. ಗಾಳಿ ಎಂದರೆ ಎಷ್ಟು ಬೇಕಾದರೂ ಎಳೆಯಬಹುದು. ಹೊಡೆದು ಹಾಕಿ ತಿದ್ದಿದೆ. ಆ ತಿದ್ದುಪಡಿಯ ಬಗ್ಗೆ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ ಆ ಸಂಜೆ ಬಸ್ಸಿಗೆ ಕಾಯದೆ ನಡೆದೇ ಮನೆಗೆ ಬಂದಿದ್ದೆ.

ಅಣ್ಣ ಹಾಳೆಯನ್ನು ಎರಡು ಸಲ ಓದಿದರು. ಮಡಚಿ ಜೇಬಿಗಿಟ್ಟುಕೊಂಡು ಹೋದರು. ಮುಂದಿನ ವಾರ ಶೆಡ್ಡಿಗೆ ಕರೆದರು. ಮೊದಲ ಚರಣಕ್ಕೆ ಬರೀ ಗಿಟಾರು, ಎರಡನೆಯದಕ್ಕೆ ಬೇಸ್ ಸೇರಿಕೊಂಡು, ಮೂರನೆಯದಕ್ಕೆ ಡ್ರಮ್ಸು ಒಮ್ಮೆಲೆ ಬಂದು ಬೀಳುವ ಹಾಗೆ ಕೂಡಿಸಿದ್ದರು. 'ಗಾಳಿ' ಎನ್ನುವಲ್ಲಿ ಅಣ್ಣ ಸ್ವರವನ್ನು ಎತ್ತಿಕೊಂಡು ಹೋಗಿ ಅದು ಒಡೆಯುವ ತನಕ ಬಿಡುತ್ತಿರಲಿಲ್ಲ. ನಡುವೆ ರೈಲು ಹೋದರೆ ನಿಲ್ಲಿಸಿ, ಅದು ದಾಟಿದ ಮೇಲೆ ಮತ್ತೆ ಮೊದಲಿನಿಂದ. ಡ್ರಮ್ಮರ್ ಕಡ್ಡಿ ಕೆಳಗಿಟ್ಟು "ಗುರು, ಇದು ಜನರ ಬಾಯಲ್ಲಿ ನಿಲ್ಲುತ್ತೆ" ಅಂದದ್ದು ಕಿವಿಯಲ್ಲಿದೆ. ಇಂದಿರಾನಗರದ ಒಂದು ಸಣ್ಣ ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ರೆಕಾರ್ಡಿಂಗೂ ಆಯಿತು.

ಜನರ ಮುಂದೆ ಆ ಹಾಡು ಮೊದಲು ಬಂದದ್ದು ಒಂದು ಕಾಲೇಜಿನ ಮೈದಾನದಲ್ಲಿ, ಸಂಜೆ ಐದರ ಬಿಸಿಲಿನಲ್ಲಿ. ಅಕ್ಕ ಅಣ್ಣನ ಕಾರ್ಯಕ್ರಮ ಒಂದನ್ನೂ ನೋಡಿರಲಿಲ್ಲ. ನಾನೇ ಹಟ ಮಾಡಿ ಕರೆದುಕೊಂಡು ಹೋದೆ. ಅವಳಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ... ಇದನ್ನು ಈಗ ಹೇಳಿದರೆ ಯಾರು ನಂಬುತ್ತಾರೆ? ಆದರೆ ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದೆ. ನಾವು ಹಿಂದೆ ಹುಣಸೆಮರದ ಕೆಳಗೆ ನಿಂತಿದ್ದೆವು. ತಟ್ಟೆಯ ಸಾಲು ಬಂದಾಗ ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಗೇಟಿನ ಸಾಲು ಬಂದಾಗ ಕೈ ಬಿಟ್ಟಳು. ಹುಡುಗ ಹುಡುಗಿಯರೆಲ್ಲ ಕಿರುಚುತ್ತಿದ್ದರು, ಇನ್ನೊಂದು ಸಲ ಹಾಡಿ ಎನ್ನುತ್ತಿದ್ದರು. ಅಣ್ಣ ಇನ್ನೊಂದು ಸಲ ಹಾಡಿದರು.

ವಾಪಸ್ಸು ಬರುವಾಗ ಆಟೋ ಹಲಸೂರು ಕೆರೆ ದಾಟಿತು. ಅಕ್ಕ ಕೇಳಿದಳು.

"ಬೆಕ್ಕು ಯಾಕೆ ತೆಗೆದೆ?"

ಸ್ವರಕ್ಕೆ ಹೊಂದಲಿಲ್ಲ ಎಂದು ತಡವರಿಸಿದೆ.

"ಗಾಳಿಗೆ ನಾನು ಯಾವತ್ತೂ ಎದ್ದಿಲ್ಲ ಕಣೆ," ಎಂದಳು. ಸಿಟ್ಟಿನಿಂದಲ್ಲ, ತಪ್ಪು ಬಿದ್ದ ಕುಚ್ಚಿನ ಗಂಟು ತೋರಿಸುವವರ ಹಾಗೆ. ಇವು ನನ್ನ ಮಾತು ಅಂತ ಅವರಿಗೆ ಹೇಳಿದ್ದೀಯಾ ಎಂದು ಕೇಳಿದಳು. ಇಲ್ಲ ಎಂದೆ. ಈಗಲೇ ಹೋಗಿ ಹೇಳುತ್ತೇನೆ ಎಂದೂ ಅಂದೆ. ಅವಳು ಬೇಡವೆಂದಳು. "ದಿನಾ ಹಾಡ್ತಾರಲ್ಲ, ಯಾವತ್ತಾದ್ರೂ ಅವರಿಗೇ ಗೊತ್ತಾಗ್ಬೇಕು. ನೋಡೋಣ."

ಹೀಗೆ ಅಕ್ಕನಿಗೆ ಕಾಯಲು ಇನ್ನೊಂದು ಸಿಕ್ಕಿತು. ಅದನ್ನು ಕೊಟ್ಟವಳು ನಾನು.

ಹಾಡು ನಾವು ಯಾರೂ ಎಣಿಸದಷ್ಟು ಹರಡಿತು. ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ತುಂಬಿ ಕೊಡುತ್ತಿದ್ದರು. ಎಫ್‌ಎಂನಲ್ಲಿ ಬಂತು. ಕೆ.ಆರ್.ಪುರದ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗರು ಜೊತೆಯಾಗಿ ಹಾಡುವುದನ್ನು ಕೇಳಿದೆ. ಊರು ಬಿಟ್ಟು ಬಂದು ಬಾಡಿಗೆ ಕೋಣೆಗಳಲ್ಲಿದ್ದವರಿಗೆಲ್ಲ ಅದು ತಮ್ಮದೇ ಹಾಡಾಯಿತು. ಅಣ್ಣ ಫ್ಯಾಕ್ಟರಿ ಬಿಟ್ಟರು. ಮೈಸೂರು, ಮಂಗಳೂರು, ಹುಬ್ಬಳ್ಳಿ ಎಂದು ಕಾರ್ಯಕ್ರಮಗಳಿಗೆ ಹೋಗತೊಡಗಿದರು, ಮನೆಗೆ ಬರುವುದು ಇನ್ನೂ ಕಡಿಮೆಯಾಯಿತು. ಬಂದಾಗ ನಡುಮನೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರು. ಒಂದು ಭಾನುವಾರ ಉಪ್ಪಿನಕಾಯಿ ಕೊಡಲು ನಾನು ಕೆಳಗೆ ಹೋದಾಗ ಅಣ್ಣ ಕಣ್ಣು ಮುಚ್ಚಿ ತಟ್ಟೆಯ ಸಾಲನ್ನೇ ಹಾಡುತ್ತಿದ್ದರು. ಒಳಗೆ ಅಕ್ಕ ತಟ್ಟೆ ತೊಳೆಯುತ್ತಿದ್ದಳು. ತಟ್ಟೆಯ ಸದ್ದು ಅಡ್ಡ ಬಂತೆಂದು ಅಣ್ಣ, "ಸ್ವಲ್ಪ ನಿಧಾನ ಕಣೆ" ಎಂದು ಕೂಗಿದರು. ಅಕ್ಕ ನಲ್ಲಿ ನಿಲ್ಲಿಸಿ, ಕೈಯಿಂದ ನೀರು ಇಳಿಯುತ್ತಿರುವಂತೆಯೇ, ಹಾಡು ಮುಗಿಯುವ ತನಕ ನಿಂತಿದ್ದಳು. ಉಪ್ಪಿನಕಾಯಿಯ ಬಾಟಲಿ ಹಿಡಿದು ನಾನೂ ನಿಂತಿದ್ದೆ. ಆಗಲೇ ಹೇಳಬಹುದಿತ್ತು...

ಅಕ್ಕ ಮೆಟ್ಟಿಲ ಮೇಲೆ ಕೂರುವುದನ್ನೇನೂ ಬಿಡಲಿಲ್ಲ. ನನಗೆ ಹೂವು ಹರಿದುಕೊಡುವುದನ್ನೂ ಬಿಡಲಿಲ್ಲ. ಮಾತು ಮಾತ್ರ ನಿಂತಿತು. ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, "ಬೇಡ ಬಿಡು, ಇದನ್ನೂ ಬರೀತೀಯ" ಎಂದು ಒಮ್ಮೆ ನಕ್ಕಳು. ಆಮೇಲೆ ಹಾಗೆ ಅನ್ನುವುದನ್ನೂ ಬಿಟ್ಟಳು. ಬೀದಿ ನಲ್ಲಿಯ ನೀರಿನ ಸರದಿ, ದಾರದ ಬಣ್ಣ, ಇಷ್ಟೇ ಮಾತು. ಅವಳ ಮನಸ್ಸಿನಲ್ಲಿದ್ದದ್ದು ಹೊರಗೆ ಬರಲು ಇದ್ದದ್ದು ಆ ಒಂದು ಬಾಗಿಲು. ಅದನ್ನು ಮುಚ್ಚಿದವಳ ಪಕ್ಕದಲ್ಲೇ ಅವಳು ದಿನಾ ಕೂತು ಕುಚ್ಚು ಕಟ್ಟಿದಳು. ನನಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಪ್ರೆಸ್ಸು ದೂರವಾಗುತ್ತದೆಂದು ಗೊತ್ತಿದ್ದೂ ಕೆ.ಆರ್.ಪುರದಲ್ಲಿ ಕೋಣೆ ಹಿಡಿದು, ಬಾಡಿಗೆ ಕಡಿಮೆ ಎಂದು ಎಲ್ಲರಿಗೂ ಸುಳ್ಳು ಹೇಳಿ, ಹೊರಟುಬಿಟ್ಟೆ.

ಎರಡು ವರ್ಷದ ಮೇಲೆ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಆಸ್ಪತ್ರೆಗೆ ನಾನು ಹೋದದ್ದು ಒಂದೇ ಸಲ. ಮಾಲೂರಿನಿಂದ ಅವಳ ತಂಗಿ ಬಂದು ನೋಡಿಕೊಳ್ಳುತ್ತಿದ್ದಳು. ಅಕ್ಕನ ಕೈ ಕಡ್ಡಿಯಾಗಿತ್ತು, ಬೆರಳುಗಳು ಮಾತ್ರ ಹೊದಿಕೆಯ ಅಂಚಿನ ದಾರವನ್ನು ಸುಮ್ಮನೆ ಹೊಸೆಯುತ್ತಿದ್ದವು. ಅಣ್ಣ ಎಲ್ಲಿ ಎಂದು ನಾನು ಕೇಳಲಿಲ್ಲ. ಪಕ್ಕದ ಮಂಚದವರ ಫೋನು ರಿಂಗಾಯಿತು. ಅದೇ ಹಾಡು. ಫೋನಿನವರು ಹೊರಗೆ ಹೋಗಿದ್ದರು, ಅದು ಬಡಿದುಕೊಳ್ಳುತ್ತಲೇ ಇತ್ತು.

ಅಕ್ಕ ತಲೆ ತಿರುಗಿಸಿ ನನ್ನನ್ನು ನೋಡಿದಳು. "ನೋಡು, ನಾನು ಕರೀತಾನೇ ಇದ್ದೀನಿ. ಯಾರೂ ಎತ್ತಲ್ಲ."

ತಪ್ಪಾಯಿತು ಅಕ್ಕ ಎಂದು ಹೇಳಬೇಕೆಂದೇ ಹೋಗಿದ್ದೆ. ಮೂಸಂಬಿಯ ಚೀಲ ಮಂಚದ ಕೆಳಗಿಟ್ಟು, ಮತ್ತೆ ಬರುತ್ತೇನೆ ಎಂದು ಎದ್ದು ಬಂದೆ. ಹನ್ನೆರಡು ದಿನದ ಮೇಲೆ ಅವಳ ತಂಗಿ ಫೋನ್ ಮಾಡಿದಳು. ಅಣ್ಣ ಯಾವುದೋ ಊರಿನ ಕಾರ್ಯಕ್ರಮದಲ್ಲಿದ್ದರು, ಮರುದಿನ ಮಧ್ಯಾಹ್ನಕ್ಕೆ ಬಂದು ಮುಟ್ಟಿದರು.

ತಿಥಿಯ ದಿನ ಅವರ ಗೆಳೆಯರು ಮನೆಯ ಮುಂದಿನ ಶಾಮಿಯಾನದಲ್ಲಿ, ಅಕ್ಕನ ಫೋಟೋದ ಎದುರು, ಆ ಹಾಡನ್ನು ಮೆಲ್ಲಗೆ ನುಡಿಸಿದರು. ಅಣ್ಣ ಹಾಡಲು ಹೋಗಿ ಬಿಕ್ಕಿಬಿಕ್ಕಿ ಅತ್ತರು. ಇನ್ನು ಮೇಲೆ ಈ ಹಾಡು ಅವಳಿಗೆ ಎಂದರು. ಬಂದವರೆಲ್ಲ ಕಣ್ಣು ಒರೆಸಿಕೊಂಡರು. ಅಂದಿನಿಂದ ಎಲ್ಲ ವೇದಿಕೆಗಳಲ್ಲೂ ಅವರು, ನನ್ನನ್ನು ಬಿಟ್ಟು ಹೋದ ಹೆಂಡತಿಗೆ ಎಂದು ಹೇಳಿಯೇ ಹಾಡು ಶುರುಮಾಡುತ್ತಿದ್ದರಂತೆ. ಜನ ಮೊಬೈಲಿನ ದೀಪ ಹಚ್ಚಿ ಎತ್ತಿ ಹಿಡಿಯುತ್ತಿದ್ದರಂತೆ. ಅವರ ದುಃಖ ಸುಳ್ಳಾಗಿರಲಿಲ್ಲ. ಅದೇ ನನಗೆ ಇನ್ನೂ ಅರಗಿಸಿಕೊಳ್ಳಲಾಗದ್ದು.

ಮೆಟ್ರೋದಲ್ಲಿ ಆ ಹೆಂಗಸನ್ನು ಕಂಡ ಮುಂದಿನ ಭಾನುವಾರ ನಾನು ದೊಡ್ಡನೆಕ್ಕುಂದಿಗೆ ಹೋದೆ. ತಂಡ ಒಡೆದು ವರ್ಷಗಳಾಗಿವೆ. ಆಮೇಲೆ ಮಾಡಿದ ಹಾಡುಗಳು ಒಂದೂ ನಡೆಯಲಿಲ್ಲ. ಒಂದು ಪಿಜಿ ಕಟ್ಟಡದ ಮೇಲಿನ ಎರಡು ಕೋಣೆಗಳಲ್ಲಿ ಅಣ್ಣ ಗಿಟಾರ್ ಕ್ಲಾಸ್ ನಡೆಸುತ್ತಾರೆ. ತಲೆ ಪೂರಾ ನರೆತಿದೆ. ನನ್ನನ್ನು ಗುರುತಿಸಿ ಟೀ ಮಾಡಿಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ. ಮೆಟ್ಟಿಲು, ಗೇಟು, ತಟ್ಟೆ, ಅವರಿಗೇ ಗೊತ್ತಾಗಲಿ ಎಂದು ಅವಳು ಕಾದದ್ದು. ಟೀ ತಣ್ಣಗಾಯಿತು. ಅಣ್ಣ ನನ್ನ ಕಡೆ ನೋಡದೆ ಹೇಳಿದರು.

"ಇದನ್ನ ಯಾರಿಗೂ ಹೇಳ್ಬೇಡ ಕಣಮ್ಮ. ನಂದು ಅಂತ ಉಳಿದಿರೋದು ಅದೊಂದೇ ಹಾಡು."

ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಹೇಳುವುದಿಲ್ಲ ಅಣ್ಣ ಎಂದು ಮಾತು ಕೊಟ್ಟು ಕೆಳಗಿಳಿದೆ.

ಬರೆಯದೆ ಇರಲಾಗಲಿಲ್ಲ. ಕೊಟ್ಟ ಮಾತಿಗಾಗಿ ಅವರ ಹೆಸರನ್ನೂ ತಂಡದ ಹೆಸರನ್ನೂ ಹಾಡಿನ ಹೆಸರನ್ನೂ ಇಲ್ಲಿ ಬಿಟ್ಟಿದ್ದೇನೆ. ಅವನ್ನು ಬಿಟ್ಟ ಮೇಲೆ ಅಕ್ಕನ ಹೆಸರು ಹಾಕುವ ಹಾಗಿಲ್ಲ. ಹಾಕಿದರೆ ಎಲ್ಲ ಗೊತ್ತಾಗಿಬಿಡುತ್ತದೆ. ಅವಳ ಮಾತುಗಳನ್ನು ಬರೆದುಕೊಂಡು ಅವಳ ಹೆಸರನ್ನು ನಾನು ಬಿಟ್ಟದ್ದು ಇದು ಎರಡನೆಯ ಸಲ.