ಕರೆಂಟ್ ಬಂದ ಮೇಲಿನ ಇಸಿಜಿ

ಕಂಪ್ಯೂಟರನ್ನು ಮಲಗಿಸುವ ಉಪಾಯ ನನ್ನದೇ. ಆಗ ಗುಂಡ್ಲುಪೇಟೆಯಲ್ಲಿ ಹೊತ್ತುಗೊತ್ತಿಲ್ಲದೆ ಕರೆಂಟ್ ಹೋಗುತ್ತಿತ್ತು. ನಾನು ಕೆಲಸಕ್ಕಿದ್ದ ಸಣ್ಣ ಕ್ಲಿನಿಕ್ಕಿನ ಯುಪಿಎಸ್ ಹತ್ತೇ ನಿಮಿಷಕ್ಕೆ ಕೂಗಿಕೊಳ್ಳುತ್ತಿತ್ತು. ಆಫ್ ಮಾಡಿ ಮತ್ತೆ ಆನ್ ಮಾಡುವಷ್ಟರಲ್ಲಿ ರೋಗಿಗಳು ಗೊಣಗುತ್ತಿದ್ದರು. ಅದಕ್ಕೇ ಸ್ಟ್ಯಾಂಡ್‌ಬೈಗೆ ಹಾಕಿಬಿಡುತ್ತಿದ್ದೆ. ಡಾಕ್ಟರು ಭೇಷ್ ಎಂದಿದ್ದರು. ನನಗೂ ಕೊಂಬು ಬಂದಿತ್ತು.

ಒಂದೇ ತಾಪತ್ರಯ. ಕಂಪ್ಯೂಟರ್ ಎದ್ದ ಮೇಲೆ ಅದಕ್ಕೆ ಜೋಡಿಸಿದ್ದ ಇಸಿಜಿ ಪೆಟ್ಟಿಗೆಯ ವೈರನ್ನು ಕಿತ್ತು ಮತ್ತೆ ಚುಚ್ಚಬೇಕಿತ್ತು, ಇಲ್ಲದಿದ್ದರೆ ಅದಕ್ಕೆ ಪೆಟ್ಟಿಗೆಯ ಗುರುತೇ ಹತ್ತುತ್ತಿರಲಿಲ್ಲ. ಕಾಲಿಗೆ ಸಿಕ್ಕಿ ಪದೇ ಪದೇ ಕಳಚುತ್ತದೆಂದು ಆ ವೈರಿನ ತುದಿಗೆ ನರ್ಸಮ್ಮ ಗಾಯಕ್ಕೆ ಹಾಕುವ ಪ್ಲಾಸ್ಟರ್ ಸುತ್ತಿದ್ದರು.

ಆ ದಿನ ಹನ್ನೊಂದಕ್ಕೆ ಕರೆಂಟ್ ಬಂತು. ಪರದೆಯ ಮೇಲೆ ಗೆರೆಗಳು ತಾವಾಗಿಯೇ ಬಂದವು. ಪ್ಲಾಸ್ಟರ್ ಬಿಚ್ಚುವ ಕೆಲಸ ತಪ್ಪಿತೆಂದು ಖುಷಿಪಟ್ಟೆ. ಮೊದಲು ಬಂದವನು ಈರುಳ್ಳಿ ಮಂಡಿಯಲ್ಲಿ ಮೂಟೆ ಹೊರುವವನು, ಎದೆ ಹಿಡಿದುಕೊಂಡಿದ್ದ. ಕ್ಲಿಪ್ಪು ಹಾಕಿ ಪ್ರಿಂಟ್ ತೆಗೆದೆ. ಡಾಕ್ಟರು ನೋಡಿ, "ಗ್ಯಾಸು ಕಣಯ್ಯ, ಏನೂ ಆಗಿಲ್ಲ" ಎಂದರು.

"ಓಗೇಬುಡ್ತೀನಿ ಅಂದ್ಕಂಡಿದ್ದೆ ಕಣಣ್ಣ," ಎಂದು ಅವನು ನನಗೇ ಕೈಮುಗಿದು, ಇಸಿಜಿ ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು ಹೋದ.

ಅರ್ಧ ಗಂಟೆಯ ಮೇಲೆ ಇಸಿಜಿಗೆ ಬಂದವರು ಉಡಿಗಾಲದ ಒಬ್ಬ ಅಜ್ಜಿ. ಅವರ ಕೈಗೆ ಇನ್ನೂ ಒಂದು ಕ್ಲಿಪ್ಪೂ ಹಾಕಿರಲಿಲ್ಲ. ಪರದೆಯ ಮೇಲೆ ಆಗಲೇ ಎದೆಬಡಿತ ಓಡುತ್ತಿತ್ತು.

ಬಗ್ಗಿ ನೋಡಿದೆ. ಪೆಟ್ಟಿಗೆಯ ಹಸಿರು ದೀಪ ಹೊತ್ತಿಯೇ ಇರಲಿಲ್ಲ. ಮಲಗುವ ಮೊದಲು ಕಂಡಿದ್ದ ಯಾರದೋ ಎದೆಬಡಿತವನ್ನೇ ಕಂಪ್ಯೂಟರ್ ತಿರುಗಿ ತಿರುಗಿ ತೋರಿಸುತ್ತಿತ್ತು. ಮೂಟೆಯವನ ಚೀಟಿಯಲ್ಲಿ ಬಂದದ್ದೂ ಅದೇ. ಪ್ಲಾಸ್ಟರ್ ಹರಿದು ವೈರು ಕಿತ್ತು ಚುಚ್ಚಿದೆ. ಟಿಂಗ್ ಎಂದಿತು, ದೀಪ ಹೊತ್ತಿತು, ಓಡುತ್ತಿದ್ದ ಗೆರೆ ನೆಟ್ಟಗೆ ಮಲಗಿತು.

ಡಾಕ್ಟರಿಗೆ ಕೂಗಿ ಹೇಳಿ, ಚಪ್ಪಲಿಯನ್ನೂ ಮೆಟ್ಟದೆ ಮಂಡಿಗೆ ಓಡಿದೆ. ಕೇರಳದ ಲಾರಿಯೊಂದರ ನೆರಳಲ್ಲಿ ಅವನನ್ನು ಮಲಗಿಸಿದ್ದರು. ಸುತ್ತಲಿದ್ದವರಿಗೆ ಗಾಬರಿಯೇ ಇರಲಿಲ್ಲ. ಒಬ್ಬ ಬೀಡಿ ಸೇದುತ್ತಿದ್ದ. "ಯಾಕ್ರಪ್ಪಾ ಕರ್ಕೊಂಡು ಬರ್ಲಿಲ್ಲ?" ಎಂದು ಕಿರುಚಿದೆ.

"ಅಲ್ಲಿಂದ್ಲೇ ಬಂದವ್ನೆ ಕಣಣ್ಣ," ಎಂದು ಅವನ ಜೊತೆಗಾರ ನನ್ನ ಚೀಟಿಯನ್ನೇ ಬಿಚ್ಚಿ ತೋರಿಸಿದ. "ಮೂಟೆ ಎತ್ತಕ್ಕೋಗಿ ಬಿದ್ದ. ಎತ್ಕಂಡೋಗನ ಅಂತಿದ್ದೊ. ಏನೂ ಆಗಿಲ್ಲ ಅಂದವ್ರಲ್ಲ, ಬಿಸ್ಲಿಗೆ ಬಿದ್ದವ್ನೆ, ಮಲಕ್ಕಳ್ಳಿ ಬುಡು ಅಂದ್ಕಂಡೊ."

ಕೈ ಹಿಡಿದು ನೋಡಿದೆ. ನಾಡಿ ಸಿಗಲಿಲ್ಲ. ಅವನು ಏಳುವುದನ್ನೇ ಕಾಯುತ್ತ ನಿಂತಿದ್ದ ಅಷ್ಟು ಜನಕ್ಕೆ ಅದನ್ನು ಹೇಳಬೇಕಾದವನೂ ನಾನೇ.